ಕರೆ ಬಾರದ ಗೆಲವು

ಆಟಕ್ಕೂ ನನಗೂ ಅಂಥ ನಂಟೇನೂ ಇಲ್ಲ. ಹುಡುಗನಾಗಿದ್ದಾಗ ಚಿನ್ನಿದಾಂಡಿನಲ್ಲಿ, ಬೇಲಿಯ ಆಚೆ ಬಿದ್ದ ಚಿನ್ನಿಯನ್ನು ಹುಡುಕಿ ತರುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಅದನ್ನಾದರೂ ಚೆನ್ನಾಗಿ ಮಾಡುತ್ತಿದ್ದೆನೆಂದು ಹೇಳಲಾರೆ. ಮುಂದೆ ಕನ್ನಡ ಎಂ.ಎ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳಲು ತೊಡಗಿದ ಮೇಲೆ ನನ್ನ ಓಟವೆಲ್ಲ ಗ್ರಂಥಭಂಡಾರದಿಂದ ತರಗತಿಗೆ, ತರಗತಿಯಿಂದ ಗ್ರಂಥಭಂಡಾರಕ್ಕೆ. ಇಂಥವನು ಈ ಭಾನುವಾರ ಅಮೆರಿಕಾದ ಕಾಲೇಜೊಂದರ ಫುಟ್‌ಬಾಲ್ ತಂಡದ ಕಥೆಯನ್ನು ಹೇಳಹೊರಟನೆಂದರೆ ನನ್ನ ವಿದ್ಯಾರ್ಥಿಗಳು ಮುಸಿಮುಸಿ ನಗುವುದು ಖಂಡಿತ. ನಗಲಿ. ಕಥೆ ಮುಗಿಯುವ ಹೊತ್ತಿಗೆ, ಪಂಪನನ್ನು ಪಾಠ ಹೇಳುವ ಮೇಷ್ಟರು ಇದನ್ನು ಏಕೆ ಹೇಳಬೇಕಾಯಿತೆಂಬುದು ಅವರಿಗೆ ತಿಳಿದೀತು.

ಕೆಲವು ವರ್ಷಗಳ ಹಿಂದೆ ಬೇಸಿಗೆಯ ರಜೆಯಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊ ನಗರದ ಸಮೀಪ ನೆಲಸಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆ. ಬೇಸಿಗೆಯೆಂದು ಹೆಸರೇ ಹೊರತು, ಅಲ್ಲಿ ಮಧ್ಯಾಹ್ನದ ಹೊತ್ತಿಗೂ ಸಮುದ್ರದ ಕಡೆಯಿಂದ ಮಂಜು ಏರಿ ಬರುತ್ತದೆ. ನಮ್ಮ ಮಡಿಕೇರಿಯ ಬೆಳಗನ್ನು ನೆನೆಯಬೇಕು. ಅಂಥ ಒಂದು ದಿನ ತಮ್ಮ ನನ್ನನ್ನು ನಗರದ ನಡುವಣ ಒಂದು ಗುಡ್ಡಕ್ಕೆ ಕರೆದೊಯ್ದ. ಗುಡ್ಡದ ಮೇಲೆ ಅವಳಿ ಗೋಪುರಗಳ ದೊಡ್ಡ ಚರ್ಚು. ಅದರ ಸುತ್ತ ಸ್ಯಾನ್‌ಫ್ರಾನ್ಸಿಸ್ಕೊ ವಿಶ್ವವಿದ್ಯಾನಿಲಯದ ಕಟ್ಟಡಗಳು. ಜೆಸ್ಯೂಯಿಟ್ ಪಾದ್ರಿಗಳು 1855ರಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆ ಅದು. ಅಲ್ಲಿನ ಒಂದು ವಿದ್ಯಾರ್ಥಿನಿಲಯದ ಮೇಲೆ ‘ಟೋಲರ್ ಹಾಲ್’ ಎಂಬ ಹೆಸರಿತ್ತು. ಟೋಲರ್ ಎಂಬಾತ ಯಾರೋ ಧನಿಕ ದಾನಿಯಿರಬೇಕೆಂದು ಭಾವಿಸಿ ಕೇಳಿದೆ.

“ದಾನಿಯಲ್ಲ ಅಣ್ಣ, ಫುಟ್‌ಬಾಲ್ ಆಟಗಾರ” ಎಂದ ತಮ್ಮ.

“ಆಟಗಾರನ ಹೆಸರಿನಲ್ಲಿ ವಿದ್ಯಾರ್ಥಿನಿಲಯ ಕಟ್ಟಿಸಿದರೆ?”

“ಕಟ್ಟಿಸಿ ಇಟ್ಟ ಹೆಸರಲ್ಲ. ಮೊದಲಿದ್ದ ಹೆಸರನ್ನು ತೆಗೆದು ಇಟ್ಟದ್ದು.”

ಆ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆಮೇಲೆ ತಮ್ಮ ಹೇಳಿದ್ದು, ನಾನು ಊರಿಗೆ ಬಂದ ಮೇಲೆ ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಈ ಕಥೆಯನ್ನು ಹೇಳುತ್ತಿದ್ದೇನೆ.

ಮೊದಲು ಆಟದ ಬಗೆಗೆ ಎರಡು ಮಾತು. ಅಮೆರಿಕಾದವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಮೈದಾನಗಳ ಕಾಲ್ಚೆಂಡಾಟವನ್ನಲ್ಲ. ಅವರ ಚೆಂಡು ದುಂಡಗಿಲ್ಲ. ಎರಡೂ ತುದಿ ಚೂಪಾಗಿ, ಸಿಪ್ಪೆ ಸುಲಿಯದ ಸಣ್ಣ ತೆಂಗಿನಕಾಯಿಯನ್ನು ಹೋಲುತ್ತದೆ. ಅದನ್ನು ಒದೆಯುವುದು ಅಪರೂಪ. ಕಂಕುಳಲ್ಲಿ ಅವುಚಿಕೊಂಡು ಓಡುವುದು, ಇಲ್ಲವೆ ಜೊತೆಯವನಿಗೆ ಎಸೆಯುವುದೇ ಹೆಚ್ಚು. ನೂರು ಗಜದ ಅಂಕಣ. ಪಕ್ಷಕ್ಕೆ ಹನ್ನೊಂದು ಜನ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೊತ್ತಬೇಕು. ಒತ್ತಿದರೆ ಮತ್ತೆ ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಕೊನೆಯ ಗೆರೆಯನ್ನು ದಾಟಿದರೆ ಆರು ಅಂಕ. ನಮ್ಮ ಕಬಡ್ಡಿಯ ಹಿಡಿತ, ಕುಸ್ತಿಯ ಪಟ್ಟು, ಕಾಳಗದ ವ್ಯೂಹ ಮೂರೂ ಅದರಲ್ಲಿವೆ.

ಇದರಲ್ಲಿ ಓದುಗರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಒಂದೇ. ಚೆಂಡನ್ನು ಹಿಡಿದು ಓಡುವವನು ಒಬ್ಬನೇ ಓಡಲಾರ. ಅವನ ಮುಂದೆ ಉಳಿದವರು ನುಗ್ಗಿ, ಎದುರಾಳಿಗಳಿಗೆ ಮೈಯೊಡ್ಡಿ, ಅವರನ್ನು ಆಚೀಚೆ ತಳ್ಳಿ ದಾರಿ ಮಾಡಿಕೊಡಬೇಕು. ಪ್ರೇಕ್ಷಕರ ಕಣ್ಣೆಲ್ಲ ಓಡುವವನ ಮೇಲೆ. ಏಟೆಲ್ಲ ದಾರಿ ಬಿಡಿಸುವವರ ಮೇಲೆ. ಒಬ್ಬನ ಕೀರ್ತಿಗೆ ಹತ್ತು ಮಂದಿಯ ಮೈನೋವು ಆಧಾರವಾಗಿರುವ ಆಟ ಇದು.

1951ರಲ್ಲಿ ಈ ವಿಶ್ವವಿದ್ಯಾನಿಲಯದ ತಂಡದಲ್ಲಿ ಹಾಗೆ ಓಡುತ್ತಿದ್ದವನು ಆಲೀ ಮ್ಯಾಟ್ಸನ್. ಹುಟ್ಟಿದ್ದು ಟೆಕ್ಸಾಸ್ ಪ್ರಾಂತದಲ್ಲಿ. ಎದುರಾಳಿ ಚೆಂಡನ್ನು ಹಿಡಿದಾಗ ಅವನನ್ನು ಕೆಡಹುವವರಲ್ಲಿ ಮುಂದಾಳು ಬರ್ಲ್ ಟೋಲರ್. ಈತ ಟೆನೆಸ್ಸೀ ಪ್ರಾಂತದ ಮೆಂಫಿಸ್ ನಗರದವನು. ಇಬ್ಬರೂ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಸಿಟಿ ಕಾಲೇಜಿನಲ್ಲಿ ಆಡಿ ಇಲ್ಲಿಗೆ ಬಂದವರು. ಇಬ್ಬರೂ ಕಪ್ಪು ಜನ. ಉಳಿದವರೆಲ್ಲ ಬಿಳಿಯರು. ಅವರಲ್ಲಿ ಇಟಲಿಯಿಂದ ವಲಸೆ ಬಂದ ಮನೆತನದ ಜೀನೊ ಮಾರ್ಕೆಟ್ಟಿ ಇದ್ದ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಹಿಮದ ನಡುವೆ ಮೆಷಿನ್‌ಗನ್ ಹಿಡಿದು ಕಾದಿ ಬಂದವನು. ಆರಡಿ ಒಂಬತ್ತಂಗುಲ ಎತ್ತರದ ಬಾಬ್ ಸೇಂಟ್ ಕ್ಲೇರ್ ಇದ್ದ. ತರಬೇತುದಾರ ಜೋ ಕುಹಾರಿಚ್. 1948ರಿಂದ ತಂಡವನ್ನು ಕಟ್ಟುತ್ತ ಬಂದಿದ್ದ ನಿಷ್ಠುರ ಮನುಷ್ಯ. ಉತ್ತರ ಕ್ಯಾಲಿಫೋರ್ನಿಯಾದ ಕಾರ್ನಿಂಗ್ ಎಂಬ ಸುಡುಬಿಸಿಲಿನ ಊರಿನಲ್ಲಿ ಅವನು ನಡೆಸಿದ ತಾಲೀಮನ್ನು ಆಟಗಾರರು ಮುಪ್ಪಿನವರೆಗೂ ಮರೆಯಲಿಲ್ಲವಂತೆ. ತಂಡದ ಸಮಾಚಾರವನ್ನು ಪತ್ರಿಕೆಗಳಿಗೆ ಮುಟ್ಟಿಸುತ್ತಿದ್ದವನು ಪೀಟ್ ರೊಝೆಲ್ ಎಂಬ ಯುವಕ. ಮುಂದೆ 1960ರಲ್ಲಿ, ಮೂವತ್ತಮೂರನೆಯ ವಯಸ್ಸಿಗೇ, ಅಮೆರಿಕಾದ ವೃತ್ತಿಪರ ಫುಟ್‌ಬಾಲ್ ಸಂಘಕ್ಕೆಲ್ಲ ಮುಖ್ಯಾಧಿಕಾರಿಯಾದವನು ಇವನೇ.

ಆ ವರ್ಷ ತಂಡ ಆಡಿದ ಪಂದ್ಯಗಳು ಒಂಬತ್ತು, ಗೆದ್ದದ್ದೂ ಒಂಬತ್ತು. ಇವರನ್ನು ತಡೆಯಬಲ್ಲವರು ಪಡುವಣ ಕರಾವಳಿಯಲ್ಲಿ ಇಲ್ಲವೆಂಬುದು ಬಹುಬೇಗ ತಿಳಿಯಿತು. ಆದರೆ ಅಮೆರಿಕಾದ ಪತ್ರಿಕಾಲೋಕದ ಕಣ್ಣು ಆಗ ಮೂಡಣ ಕರಾವಳಿಯ ಮೇಲೆ. ಅದರಿಂದ ನ್ಯೂಯಾರ್ಕಿಗೆ ಹೋಗಿ, ಫುಟ್‌ಬಾಲಿನಲ್ಲಿ ಹೆಸರುವಾಸಿಯಾದ ಫೋರ್ಡಮ್ ವಿಶ್ವವಿದ್ಯಾನಿಲಯದೊಡನೆ ಆಡಿದ ಪಂದ್ಯ ಇವರಿಗೆ ಪರೀಕ್ಷೆಯಂತಿತ್ತು. ಆ ದಿನ ಎದುರಾಳಿ ಒದ್ದು ಕಳಿಸಿದ ಚೆಂಡನ್ನು ತನ್ನ ಗೆರೆಯ ಬಳಿ ಹಿಡಿದು, ಅಂಕಣದ ಉದ್ದಕ್ಕೂ ಓಡಿ ಕೊನೆ ಮುಟ್ಟಿಸುವ ಅಪೂರ್ವ ಸಾಹಸವನ್ನು ಮ್ಯಾಟ್ಸನ್ ಒಂದಲ್ಲ, ಎರಡು ಬಾರಿ ಮಾಡಿ ತೋರಿಸಿದ. ಪಂದ್ಯ 32–26ರಲ್ಲಿ ಇವರ ಪಾಲಾಯಿತು. ಆ ಋತುವಿನಲ್ಲಿ ಇಷ್ಟು ಬಿಗಿಯಾಗಿ ನಡೆದ ಪಂದ್ಯ ಇವರಿಗೆ ಇನ್ನೊಂದಿಲ್ಲ.

ಆ ಒಂಬತ್ತು ಪಂದ್ಯಗಳಲ್ಲಿ ಮ್ಯಾಟ್ಸನ್ ಚೆಂಡು ಹಿಡಿದು ಓಡಿದ್ದು 1,566 ಗಜ. ಆ ವರ್ಷ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಅಷ್ಟು ಓಡಿದವನು ಮತ್ತೊಬ್ಬನಿರಲಿಲ್ಲ. ಕೊನೆಯ ಗೆರೆಯನ್ನು ಮುಟ್ಟಿದ್ದು ಇಪ್ಪತ್ತೊಂದು ಬಾರಿ. ಆದರೂ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್ಮನ್ ಪಾರಿತೋಷಕದ ಮತಗಣನೆಯಲ್ಲಿ ಅವನಿಗೆ ಸಿಕ್ಕಿದ್ದು ಒಂಬತ್ತನೆಯ ಸ್ಥಾನ. ಪತ್ರಕರ್ತರು ದೇಶದ ತಂಡಗಳನ್ನು ತೂಗಿ ಮಾಡುವ ಪಟ್ಟಿಯಲ್ಲಿ, ಒಮ್ಮೆಯೂ ಸೋಲದ ಈ ತಂಡಕ್ಕೆ ದೊರೆತದ್ದು ಹದಿನಾಲ್ಕನೆಯ ಸ್ಥಾನ.

ನವೆಂಬರ್ ತಿಂಗಳಲ್ಲಿ, ಸಮೀಪದ ಸ್ಟಾಕ್ಟನ್ ನಗರದ ಪೆಸಿಫಿಕ್ ಕಾಲೇಜಿನ ಬಲಿಷ್ಠ ತಂಡವನ್ನು ಇವರು 47–14ರಲ್ಲಿ ಮಣಿಸಿದರು. ಕೊನೆಯ ಪಂದ್ಯ ಪಾಸಡೀನಾ ನಗರದ ರೋಸ್ ಬೌಲ್ ಎಂಬ ವಿಶಾಲ ಕ್ರೀಡಾಂಗಣದಲ್ಲಿ, ಲೊಯೋಲಾ ತಂಡದೊಡನೆ. ಅದನ್ನೂ 20–2ರಲ್ಲಿ ಗೆದ್ದರು. ಇನ್ನುಳಿದದ್ದು ಕರೆಯೊಂದನ್ನು ಕಾಯುವುದು ಮಾತ್ರ.

ಆ ಕರೆಯ ಮಹತ್ವವನ್ನು ಸ್ವಲ್ಪ ವಿವರಿಸಬೇಕು. ಅಮೆರಿಕಾದಲ್ಲಿ ಕಾಲೇಜು ಫುಟ್‌ಬಾಲಿನ ಋತು ಮುಗಿದ ಮೇಲೆ, ಹೊಸ ವರ್ಷದ ದಿನದ ಆಸುಪಾಸಿನಲ್ಲಿ, ಶ್ರೇಷ್ಠ ತಂಡಗಳನ್ನು ಆಹ್ವಾನಿಸಿ ನಡೆಸುವ ಪಂದ್ಯಗಳುಂಟು. ಕ್ರೀಡಾಂಗಣ ಬಟ್ಟಲಿನ ಆಕಾರದಲ್ಲಿರುವುದರಿಂದ ಅವುಗಳಿಗೆ ಬೌಲ್ ಎಂಬ ಹೆಸರು ಬಂತು. ಹೆಸರುಗಳೇನೋ ಬಲು ಸೊಗಸು: ಗುಲಾಬಿಯ ಬಟ್ಟಲು, ಕಿತ್ತಳೆಯ ಬಟ್ಟಲು, ಸಕ್ಕರೆಯ ಬಟ್ಟಲು, ಹತ್ತಿಯ ಬಟ್ಟಲು. ಕಿತ್ತಳೆ, ಸಕ್ಕರೆ, ಹತ್ತಿಗಳೆಲ್ಲ ದಕ್ಷಿಣದ ಬೆಳೆಗಳು. ಆ ಬಟ್ಟಲುಗಳೂ ದಕ್ಷಿಣದ ನಗರಗಳಲ್ಲಿಯೇ ಇದ್ದವು. ಅಲ್ಲಿ ಆಗ ಕಪ್ಪು ಜನಕ್ಕೆ ಬೇರೆ ಶಾಲೆ, ಬೇರೆ ನಲ್ಲಿ, ಬಸ್ಸಿನಲ್ಲಿ ಹಿಂದಿನ ಆಸನ. ಶಾಲೆಗಳಲ್ಲಿ ಈ ಬೇರೆತನ ಸಲ್ಲದೆಂದು ಅಮೆರಿಕಾದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1954ರಲ್ಲಿ. ನಮ್ಮ ಕಥೆ ನಡೆದದ್ದು ಅದಕ್ಕೆ ಮೂರು ವರ್ಷ ಮೊದಲು.

ಬೌಲ್ ಪಂದ್ಯಕ್ಕೆ ಹೋಗುವುದೆಂದರೆ ಕೀರ್ತಿಯಷ್ಟೇ ಅಲ್ಲ, ಹಣವೂ ಹೌದು. ಸ್ಯಾನ್‌ಫ್ರಾನ್ಸಿಸ್ಕೊ ವಿಶ್ವವಿದ್ಯಾನಿಲಯಕ್ಕೆ ಆ ಹಣ ಪ್ರಾಣವಾಯುವಿನಂತಿತ್ತು. ಊರಿಗೆ ವೃತ್ತಿಪರರ ತಂಡವೊಂದು ಬಂದು ಪ್ರೇಕ್ಷಕರನ್ನು ಸೆಳೆದಿತ್ತು. ಕೀಝರ್ ಕ್ರೀಡಾಂಗಣದಲ್ಲಿ ಕಾಲೇಜಿನ ಪಂದ್ಯ ನೋಡಲು ಬರುವವರು ಕಡಮೆಯಾಗಿದ್ದರು. ವರ್ಷ ವರ್ಷವೂ ನಷ್ಟ. ನೆರೆಯ ಸೇಂಟ್ ಮೇರೀಸ್ ಕಾಲೇಜು ಹಿಂದಿನ ವರ್ಷವೇ ಫುಟ್‌ಬಾಲನ್ನು ಕೈಬಿಟ್ಟಿತ್ತು. ಬೌಲ್ ಪಂದ್ಯದ ಹಣ ಬಂದರೆ ತಂಡ ಉಳಿದೀತು, ಬಾರದಿದ್ದರೆ ಇದೇ ಕೊನೆ. ಈ ಸ್ಥಿತಿ ಆಟಗಾರರಿಗೂ ತಿಳಿಯದ್ದೇನಲ್ಲ.

ಮಾತು ಬಂದದ್ದು ಫ್ಲೋರಿಡಾದ ಮಯಾಮಿ ನಗರದ ಆರೆಂಜ್ ಬೌಲ್ ಕಡೆಯಿಂದ. ತಂಡವನ್ನು ಕರೆಸಿಕೊಳ್ಳಬಹುದು, ಆದರೆ ಆ ಇಬ್ಬರು ಬರಬಾರದು. ಇಂಥ ಷರತ್ತುಗಳನ್ನು ಯಾರೂ ಮುದ್ರೆಯೊತ್ತಿ ಕಳಿಸುವುದಿಲ್ಲ. ಅವು ಬಾಯಿಂದ ಬಾಯಿಗೆ ಬರುತ್ತವೆ. ಹಾಗೆ ಬಂದ ಮಾತನ್ನು ಕುಹಾರಿಚ್ ತನ್ನ ಹುಡುಗರ ಮುಂದಿಟ್ಟ.

ಇಲ್ಲಿ ಒಂದು ಸೂಕ್ಷ್ಮವಿದೆ. ಷರತ್ತು ಮ್ಯಾಟ್ಸನ್ನನಿಗಾಗಲಿ ಟೋಲರನಿಗಾಗಲಿ ಹಾಕಿದ್ದಲ್ಲ. ಅವರನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದು ಉಳಿದವರನ್ನು: ನೀವು ಬನ್ನಿ, ಅವರನ್ನು ಬಿಟ್ಟು ಬನ್ನಿ. ಅವಮಾನ ಆ ಇಬ್ಬರದು; ಪರೀಕ್ಷೆ ಉಳಿದವರದು.

ಉಳಿದವರು ಒಲ್ಲೆವೆಂದರು. ಭಾಷಣವಾಗಲಿಲ್ಲ, ಮತ ಹಾಕಲಿಲ್ಲ, ಒಂದು ರಾತ್ರಿ ಯೋಚಿಸಿ ಹೇಳುತ್ತೇವೆಂದು ಯಾರೂ ಅನ್ನಲಿಲ್ಲ. ಅದರಲ್ಲಿ ಚರ್ಚಿಸುವಂಥದೇನೂ ಇರಲಿಲ್ಲವೆಂದೇ ಸೇಂಟ್ ಕ್ಲೇರ್, ಮಾರ್ಕೆಟ್ಟಿ ಮೊದಲಾದವರು ಮುದುಕರಾದ ಮೇಲೂ ಹೇಳುತ್ತಿದ್ದರು. ತಾವೇನೋ ದೊಡ್ಡದನ್ನು ಮಾಡಿದೆವೆಂಬ ಭಾವ ಆ ಹುಡುಗರಿಗೆ ಅಂದು ಇದ್ದಂತೆ ತೋರುವುದಿಲ್ಲ. ಮೂರು ತಿಂಗಳು ಯಾರಿಗಾಗಿ ಮೈಯೊಡ್ಡಿ ದಾರಿ ಬಿಡಿಸಿದ್ದರೋ, ಯಾರು ತಮ್ಮ ಬೆನ್ನನ್ನು ಕಾಯುತ್ತಿದ್ದರೋ, ಅವರನ್ನು ಊರಿನಲ್ಲಿ ಬಿಟ್ಟು ಹಬ್ಬದೂಟಕ್ಕೆ ಹೋಗುವುದು ಅವರಿಗೆ ಸಾಧ್ಯವಾಗಲಿಲ್ಲ. ಅಷ್ಟೆ.

ಆ ಕಾಲದಲ್ಲಿ ಹೀಗೆ ಮಾಡಿದವರು ಇವರೇ ಮೊದಲಿಗರೆಂದು ನಾನು ಹೇಳುವುದಿಲ್ಲ. 1946ರಲ್ಲಿ ಪೆನ್ ಸ್ಟೇಟ್ ಕಾಲೇಜಿನ ತಂಡ, ತನ್ನ ಕಪ್ಪು ಆಟಗಾರರನ್ನು ಬಿಟ್ಟು ಬರಬೇಕಾದ ಮಯಾಮಿಯ ಪಂದ್ಯವನ್ನೇ ತೊರೆದಿತ್ತು. ಆದರೆ ಕಾಲದ ಗಾಳಿ ಇನ್ನೊಂದು ದಿಕ್ಕಿಗೆ ಬೀಸುತ್ತಿತ್ತು. ಇದೇ 1951ರ ಅಕ್ಟೋಬರ್ 20ರಂದು ಓಕ್ಲಹೋಮಾ ಪ್ರಾಂತದಲ್ಲಿ, ಡ್ರೇಕ್ ವಿಶ್ವವಿದ್ಯಾನಿಲಯದ ಜಾನಿ ಬ್ರೈಟ್ ಎಂಬ ಕಪ್ಪು ಆಟಗಾರನ ದವಡೆಯನ್ನು, ಚೆಂಡು ಅವನ ಬಳಿ ಇಲ್ಲದಾಗಲೇ ಗುದ್ದಿ ಮುರಿದರು. ಪತ್ರಿಕೆಯ ಇಬ್ಬರು ಛಾಯಾಗ್ರಾಹಕರು ಅದನ್ನು ಸಾಲು ಸಾಲಾಗಿ ಚಿತ್ರ ತೆಗೆದರು. ಆ ಚಿತ್ರಗಳಿಗೆ 1952ರಲ್ಲಿ ಪುಲಿಟ್ಜರ್ ಪಾರಿತೋಷಕ ಬಂತು. ಗುದ್ದಿದವನ ಕಾಲೇಜು ಕ್ಷಮೆ ಕೇಳಿದ್ದು 2005ರಲ್ಲಿ. ಆ ಹೊತ್ತಿಗೆ ಬ್ರೈಟ್ ತೀರಿಕೊಂಡು ಎರಡು ದಶಕಗಳಾಗಿದ್ದವು.

ನಮ್ಮ ಪುರಾಣದಲ್ಲಿ ಧರ್ಮರಾಯ ಸ್ವರ್ಗದ ಬಾಗಿಲಿನಲ್ಲಿ ನಿಂತು, ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಒಳಗೆ ಬರಲಾರೆನೆಂದ. ಅವನ ನಿಲವು ದೊಡ್ಡದು, ಸಂದೇಹವಿಲ್ಲ. ಆದರೆ ಮರುಕ್ಷಣವೇ ನಾಯಿ ಯಮಧರ್ಮನಾಗಿ ನಿಂತು ಮೆಚ್ಚಿದ. ಸ್ವರ್ಗದ ಬಾಗಿಲು ತೆರೆಯಿತು. ಸ್ಯಾನ್‌ಫ್ರಾನ್ಸಿಸ್ಕೊದ ಹುಡುಗರಿಗೆ ಯಾರೂ ಪ್ರತ್ಯಕ್ಷರಾಗಲಿಲ್ಲ. ಬಾಗಿಲು ತೆರೆಯಲಿಲ್ಲ. ಹೊಸ ವರ್ಷದ ದಿನ ಆರೆಂಜ್ ಬೌಲಿನಲ್ಲಿ ಜಾರ್ಜಿಯಾ ಟೆಕ್ ತಂಡ ಬೇಯ್ಲರ್ ತಂಡವನ್ನು 17–14ರಲ್ಲಿ ಸೋಲಿಸಿತು; ಕ್ರೀಡಾಂಗಣ ಕೈತಟ್ಟಿತು. ಈ ತಂಡವನ್ನು ಕರೆಯದಿದ್ದುದಕ್ಕೆ ಸಾರ್ವಜನಿಕವಾಗಿ ಹೇಳಿದ ಕಾರಣ, ಇವರು ಎದುರಿಸಿದ ತಂಡಗಳು ದುರ್ಬಲವೆಂಬುದು. ಆದರೆ ಇವರಿಂದ 47–14ರ ಸೋಲುಂಡ ಪೆಸಿಫಿಕ್ ಕಾಲೇಜಿನ ತಂಡಕ್ಕೆ ಅದೇ ಹೊಸ ವರ್ಷದಲ್ಲಿ ಸನ್ ಬೌಲಿನಿಂದ ಕರೆ ಬಂದಿತ್ತು! ಸೋತವರು ಬಟ್ಟಲಿಗೆ ಹೋದರು. ಸೋಲಿಸಿದವರು ಮನೆಯಲ್ಲಿ ಉಳಿದರು.

ಆ ಋತುವಿನೊಡನೆಯೇ ವಿಶ್ವವಿದ್ಯಾನಿಲಯ ಫುಟ್‌ಬಾಲ್ ತಂಡವನ್ನು ವಿಸರ್ಜಿಸಿತು. ಕುಹಾರಿಚ್ ವೃತ್ತಿಪರರ ತಂಡಕ್ಕೆ ತರಬೇತುದಾರನಾಗಿ ಹೊರಟುಹೋದ. ಸಂಸ್ಥೆಯ ಇತಿಹಾಸದಲ್ಲೇ ಅತ್ಯುತ್ತಮವಾದ ತಂಡ ಅದರ ಕೊನೆಯ ದೊಡ್ಡ ತಂಡವೂ ಆಯಿತು. ಮುಂದೆ ಅಲ್ಲಿಯವರು ಈ ತಂಡವನ್ನು ಮೂರು ಮಾತುಗಳಲ್ಲಿ ನೆನೆಯತೊಡಗಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ: ಸೋಲಿಲ್ಲ, ಸಮವಿಲ್ಲ, ಕರೆಯಿಲ್ಲ.

ಬಟ್ಟಲುಗಳ ಕಟ್ಟಳೆಯೂ ಬಹುಕಾಲ ಬಾಳಲಿಲ್ಲ. 1956ರ ಸಕ್ಕರೆ ಬಟ್ಟಲಿನಲ್ಲಿ ಪಿಟ್ಸ್‌ಬರ್ಗ್ ತಂಡದ ಬಾಬಿ ಗ್ರೀಯರ್ ಎಂಬ ಕಪ್ಪು ಹುಡುಗ ಆಡಿದ. ಅವನೆದುರು ಜಾರ್ಜಿಯಾ ಟೆಕ್ ಆಡಕೂಡದೆಂದು ಆ ಪ್ರಾಂತದ ಗವರ್ನರು ಹಟ ಹಿಡಿದಾಗ, ಗವರ್ನರ ವಿರುದ್ಧ ಬೀದಿಗಿಳಿದವರು ಜಾರ್ಜಿಯಾ ಟೆಕ್ಕಿನ ವಿದ್ಯಾರ್ಥಿಗಳೇ. ಅವರಲ್ಲಿ ಎಷ್ಟೋ ಮಂದಿಗೆ ಬೇಕಾಗಿದ್ದದ್ದು ಸಮಾನತೆಗಿಂತ ಹೆಚ್ಚಾಗಿ ತಮ್ಮ ಪಂದ್ಯವೇ ಇದ್ದೀತು. ಆದರೂ ಬಾಗಿಲು ಒಂದು ಬಾರಿ ತೆರೆಯಿತು.

ಆ ಹುಡುಗರು ಮುಂದೇನಾದರೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಿ 400 ಮೀಟರ್ ಓಟದಲ್ಲಿ ಕಂಚಿನ ಪದಕವನ್ನೂ, ರಿಲೇ ಓಟದಲ್ಲಿ ಬೆಳ್ಳಿಯ ಪದಕವನ್ನೂ ತಂದ. ವೃತ್ತಿಪರ ಆಟದಲ್ಲಿ ಅವನ ಬೆಲೆ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು: 1959ರಲ್ಲಿ ಲಾಸ್ ಏಂಜಲೀಸಿನ ತಂಡ ಅವನೊಬ್ಬನಿಗಾಗಿ ಒಂಬತ್ತು ಮಂದಿಯನ್ನು ಬಿಟ್ಟುಕೊಟ್ಟಿತು. ಆ ವ್ಯವಹಾರ ನಡೆಸಿದವನು, ಹಿಂದೆ ಅವನ ಸುದ್ದಿ ಬರೆಯುತ್ತಿದ್ದ ರೊಝೆಲ್! ಮ್ಯಾಟ್ಸನ್, ಮಾರ್ಕೆಟ್ಟಿ, ಸೇಂಟ್ ಕ್ಲೇರ್ ಮೂವರೂ ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದರು. ಒಂದೇ ಕಾಲೇಜು ತಂಡದಿಂದ ಮೂವರು ಅಲ್ಲಿಗೆ ಸೇರುವುದು ಸಾಮಾನ್ಯದ ಮಾತಲ್ಲ.

ಟೋಲರನ ದಾರಿ ಬೇರೆಯಾಯಿತು. 1952ರ ಬೇಸಿಗೆಯಲ್ಲಿ ಷಿಕಾಗೊ ನಗರದಲ್ಲಿ ನಡೆದ ಪ್ರದರ್ಶನ ಪಂದ್ಯವೊಂದರಲ್ಲಿ ಅವನ ಮೊಣಕಾಲು ಮುರಿಯಿತು; ವೃತ್ತಿಪರ ಆಟಗಾರನಾಗುವ ಆಸೆ ಅಲ್ಲಿಗೆ ಮುಗಿಯಿತು. ಅವನು ಸ್ಯಾನ್‌ಫ್ರಾನ್ಸಿಸ್ಕೊದ ಶಾಲೆಯೊಂದರಲ್ಲಿ ಮೇಷ್ಟರಾದ. ಮುಂದೆ ಅದೇ ಶಾಲೆಗೆ ಮುಖ್ಯೋಪಾಧ್ಯಾಯನಾದ. 1965ರಲ್ಲಿ ವೃತ್ತಿಪರ ಫುಟ್‌ಬಾಲ್ ಸಂಘ ಅವನನ್ನು ಅಂಕಣದ ತೀರ್ಪುಗಾರರಲ್ಲಿ ಒಬ್ಬನಾಗಿ ನೇಮಿಸಿತು. ಆ ಸ್ಥಾನಕ್ಕೆ ಬಂದ ಮೊದಲ ಕಪ್ಪು ಮನುಷ್ಯ ಅವನೇ. ವಾರವೆಲ್ಲ ಶಾಲೆ, ಭಾನುವಾರ ಪಟ್ಟೆಪಟ್ಟೆಯ ಅಂಗಿ ತೊಟ್ಟು ಅಂಕಣ: ಇಪ್ಪತ್ತೈದು ಋತುಗಳ ಕಾಲ. 1951ರಲ್ಲಿ ಯಾವನು ಆಡಲು ಬರಕೂಡದೆಂದಿದ್ದರೋ, ಅವನು ಈಗ ಆಟ ನ್ಯಾಯವಾಗಿ ನಡೆಯುವಂತೆ ನೋಡುವವನಾದ. 2009ರಲ್ಲಿ ಟೋಲರ್, 2011ರಲ್ಲಿ ಮ್ಯಾಟ್ಸನ್ ತೀರಿಕೊಂಡರು.

ಇನ್ನು ಗುಡ್ಡದ ಮೇಲಿನ ವಿದ್ಯಾರ್ಥಿನಿಲಯ. ಅದಕ್ಕೆ ಮೊದಲಿದ್ದ ಹೆಸರು ಜೇಮ್ಸ್ ಫೀಲನ್ ಎಂಬಾತನದು. ಆತ ಹಿಂದೆ ಆ ನಗರದ ಮೇಯರಾಗಿ, ಆಮೇಲೆ ಸೆನೆಟಿನ ಸದಸ್ಯನಾಗಿದ್ದವನು. ಕ್ಯಾಲಿಫೋರ್ನಿಯಾವನ್ನು ಬಿಳಿಯದಾಗಿಯೇ ಉಳಿಸಿರೆಂಬುದು 1920ರ ಚುನಾವಣೆಯಲ್ಲಿ ಆತನ ಘೋಷಣೆ. ಆತನ ಸಿಟ್ಟು ಮುಖ್ಯವಾಗಿ ಏಷ್ಯಾದವರ ಮೇಲೆ. ಆತ ಸೆನೆಟಿನಲ್ಲಿದ್ದಾಗಲೇ, 1917ರ ಕಾನೂನು ನಮ್ಮ ದೇಶದವರ ವಲಸೆಗೂ ತಡೆಯೊಡ್ಡಿತು. ವಿದ್ಯಾರ್ಥಿಗಳು ಒತ್ತಾಯ ಮಾಡಿದ್ದರಿಂದ 2017ರಲ್ಲಿ ಆ ಹೆಸರನ್ನು ತೆಗೆದು ಟೋಲರನ ಹೆಸರನ್ನಿಟ್ಟರು. ಮಂಜಿನಲ್ಲಿ ಆ ಹೆಸರಿನ ಕೆಳಗೆ ನಿಂತಿದ್ದ ನನ್ನ ತಮ್ಮನನ್ನು ನೋಡಿದೆ. ಫೀಲನ್ನನ ಮಾತು ನಿಂತಿದ್ದರೆ ಅವನು ಅಲ್ಲಿ ನಿಲ್ಲುತ್ತಿರಲಿಲ್ಲ.

ಇಷ್ಟು ಹೇಳಿ ನಾನು ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಆದರೆ ಬೇರೆಯವರ ದೇಶದ ಪಾಪವನ್ನು ಬಣ್ಣಿಸಿ, ಬೇರೆಯವರ ಪುಣ್ಯವನ್ನು ಹೊಗಳಿ ಮುಗಿಸುವುದು ಸುಲಭ. ಆ ಗುಡ್ಡದ ಮೇಲೆ ನಿಂತಾಗ ನನ್ನ ನೆನಪಿಗೆ ಬಂದದ್ದನ್ನು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ.

ನಾನು ಅಧ್ಯಾಪಕನಾಗಿ ಸೇರಿದ ಹೊಸತು. ಕಾಲೇಜಿನ ಕಬಡ್ಡಿ ತಂಡದೊಡನೆ ಪಂದ್ಯಕ್ಕಾಗಿ ಪರಸ್ಥಳಕ್ಕೆ ಹೋಗಬೇಕಾಯಿತು. ದೈಹಿಕ ಶಿಕ್ಷಣದ ಅಧ್ಯಾಪಕರಿಗೆ ಜ್ವರ ಬಂದದ್ದರಿಂದ ಆ ಹೊಣೆ ನನ್ನ ಹೆಗಲಿಗೆ ಬಿತ್ತು. ಹುಡುಗರು ಗೆದ್ದರು. ಆ ದಿನದ ಅರ್ಧದಷ್ಟು ಅಂಕಗಳನ್ನು ತಂದವನು ಒಬ್ಬನೇ ಹುಡುಗ; ದಾಳಿಗೆ ಹೋದರೆ ಬರಿಗೈಯಲ್ಲಿ ಬರುತ್ತಿರಲಿಲ್ಲ. ಊರಿನ ಗಣ್ಯರೊಬ್ಬರು ಸಂತೋಷಪಟ್ಟು ತಂಡವನ್ನು ತಮ್ಮ ಮನೆಗೆ ಊಟಕ್ಕೆ ಕರೆದರು. ಹಜಾರದಲ್ಲಿ ಎಲೆ ಹಾಸುತ್ತಿದ್ದಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು, ತುಂಬ ಸೌಜನ್ಯದಿಂದಲೇ ಕೇಳಿದರು: “ಮೇಷ್ಟ್ರೇ, ಹುಡುಗರೆಲ್ಲ ಯಾವ ಪೈಕಿ?”

ನಾನು ಹೇಳಿದೆ. ಏಕೆ ಹೇಳಿದೆನೋ ಇಂದಿಗೂ ತಿಳಿಯದು. ಅತಿಥಿಯಾಗಿ ಬಂದವನು ಮನೆಯವರಿಗೆ ಎದುರಾಡಬಾರದೆಂದು ಆಗ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಹತ್ತು ಎಲೆ ಒಳಗೆ ಹಾಸಿದರು. ಎರಡು ಎಲೆ ಹೊರಗಿನ ಜಗಲಿಯ ಮೇಲೆ. ಆ ಎರಡರಲ್ಲಿ ಒಂದು, ಅಂಕಗಳನ್ನು ತಂದ ಹುಡುಗನದು. ಯಾರೂ ಏನೂ ಹೇಳಲಿಲ್ಲ. ಉಳಿದ ಹುಡುಗರು ನನ್ನ ಮುಖ ನೋಡಿದರು, ನಾನು ಎಲೆಯ ಮುಂದೆ ಕುಳಿತೆ, ಅವರೂ ಕುಳಿತರು. ಪಾಯಸ ಚೆನ್ನಾಗಿತ್ತು. ಎರಡನೆಯ ಸಲ ಬಡಿಸಿದಾಗ ನಾನು ಬೇಡವೆನ್ನಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಆ ಹುಡುಗ ನನ್ನ ಪಕ್ಕದಲ್ಲಿಯೇ ಕುಳಿತಿದ್ದ. ಬಹಳ ಹೊತ್ತು ಸುಮ್ಮನಿದ್ದು, “ಊಟ ಚೆನ್ನಾಗಿತ್ತು ಸಾರ್” ಎಂದ. ನನಗೆ ನೋವಾಗಬಾರದೆಂದು ಅವನು ಆಡಿದ ಮಾತು ಅದು. ಮರುವರ್ಷ ಅವನು ತಂಡಕ್ಕೆ ಹೆಸರು ಕೊಡಲಿಲ್ಲ. ಕಾರಣ ಕೇಳುವ ಧೈರ್ಯ ನನಗಿರಲಿಲ್ಲ.

ಸ್ಯಾನ್‌ಫ್ರಾನ್ಸಿಸ್ಕೊದ ಹುಡುಗರಿಗೆ ಇಪ್ಪತ್ತು ಇಪ್ಪತ್ತೈದು ವರ್ಷ. ಅವರು ಒಲ್ಲೆವೆಂದಾಗ ಕಳೆದುಕೊಂಡದ್ದು ಕೀರ್ತಿ, ಹಣ, ಕೊನೆಗೆ ತಂಡವನ್ನೇ. ನಾನು ಎದ್ದಿದ್ದರೆ ಕಳೆದುಕೊಳ್ಳುತ್ತಿದ್ದುದು ಒಂದು ಊಟ.

ಪಂಪಭಾರತದಲ್ಲಿ ರಾಜಕುಮಾರರು ತಮ್ಮ ವಿದ್ಯೆಯನ್ನು ಮೆರೆಯುವ ರಂಗಸ್ಥಳಕ್ಕೆ ಕರ್ಣ ಬರುವ ಪ್ರಸಂಗವನ್ನು ನಾನು ಎಷ್ಟೋ ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ. ಗುರುಗಳು ಅವನ ಕುಲವನ್ನೆತ್ತಿ ಆಡುವುದು, ಕರ್ಣನ ಸಂಕಟ, ದುರ್ಯೋಧನ ಎದ್ದುನಿಂತು ಕುಲವೆಂದರೇನೆಂದು ಕೇಳುವುದು, ಇವೆಲ್ಲವನ್ನೂ ಬಣ್ಣಿಸುತ್ತಿದ್ದೆ. ಎಂದೂ ತಪ್ಪದೆ ವಿದ್ಯಾರ್ಥಿಗಳ ಮನ ಕಲಕುವ ಭಾಗ ಅದು. ಆದರೆ ಅಮೆರಿಕಾದಿಂದ ಬಂದ ವರ್ಷ ಆ ಪಾಠದ ನಡುವೆ ನನ್ನ ನಾಲಗೆ ತಡೆಯಿತು. ಆ ರಂಗದ ಸುತ್ತ ಹಿರಿಯರು, ಜ್ಞಾನಿಗಳು, ಧರ್ಮವನ್ನು ಬಲ್ಲವರು ತುಂಬಿದ್ದರು. ಎದ್ದುನಿಂತವನು ದುರ್ಯೋಧನನೊಬ್ಬನೇ, ಅವನಿಗೂ ತನ್ನ ಕಾರ್ಯವಿತ್ತು. ಉಳಿದವರೆಲ್ಲ ಏನು ಮಾಡುತ್ತಿದ್ದರೆಂದು ನಾನು ತರಗತಿಯನ್ನು ಕೇಳಿದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ: “ನೋಡ್ತಾ ಕೂತಿದ್ರು ಸಾರ್.”

ಅಂದು ನಾನು ಪುಸ್ತಕವನ್ನು ಮುಚ್ಚಿ, ಆ ಊಟದ ಸಂಗತಿಯನ್ನು ಮೊದಲ ಬಾರಿಗೆ ಇನ್ನೊಬ್ಬರಿಗೆ ಹೇಳಿದೆ. ತರಗತಿ ಮುಗಿದ ಮೇಲೆ ಅದೇ ಹುಡುಗ ಬಾಗಿಲ ಬಳಿ ಕಾದು ನಿಂತು, “ಅವರು ಈಗ ಎಲ್ಲಿದ್ದಾರೆ ಸಾರ್?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ಕಾಲೇಜಿನ ಕಚೇರಿಗೆ ಹೋಗಿ ಹಳೆಯ ದಾಖಲಾತಿ ಪುಸ್ತಕವನ್ನು ತೆಗೆಸಿ ನೋಡಿದೆ. ಊರಿನ ಹೆಸರು ಸಿಕ್ಕಿತು. ಅದಾಗಿ ಎಷ್ಟೋ ದಿನ ಕಳೆದಿವೆ. ಏನಾದರೊಂದು ನೆಪ ಅಡ್ಡ ಬರುತ್ತಲೇ ಇದೆ. ಈ ಲೇಖನ ಅಚ್ಚಾದ ಮೇಲೆ ಒಂದು ಪ್ರತಿಯನ್ನು ಅಲ್ಲಿಗೆ ಮುಟ್ಟಿಸಬೇಕೆಂದಿದ್ದೇನೆ. ಅಂಚೆಯಲ್ಲಲ್ಲ, ನಾನೇ ಹೋಗಿ.